ರೋಮ್ ಫೈಲ್ ಒಂದೇ ಸಾಲದು

ಫ್ಯಾಮಿಕಾಮ್ (ನಿಂಟೆಂಡೊದ ಹಳೆಯ ವಿಡಿಯೊ ಗೇಮ್ ಯಂತ್ರ) ಆಟಗಳ ನಕಲಿ ಕಾರ್ಟ್ರಿಡ್ಜಿನ ರೋಮ್, ಅಂದರೆ ಆಟದ ದತ್ತಾಂಶವಿರುವ ಚಿಪ್, ಓದಿ ಫೈಲಾಗಿ ಇಟ್ಟರೆ ಆಟ ಉಳಿದಂತೆಯೇ ಎಂದು ಲೇಖನವೊಂದು ಹೇಳುತ್ತದೆ. ಅಷ್ಟು ಸಾಲದು. ಮೆಮೊರಿಯ ಭಾಗಗಳನ್ನು (ಬ್ಯಾಂಕ್) ಬೇಕಾದಾಗ ಬದಲಿಸುವ ಮ್ಯಾಪರ್ ಸರ್ಕ್ಯೂಟನ್ನು ನಕಲಿ ಕಾರ್ಟ್ರಿಡ್ಜ್ ತಯಾರಕರು ಎಷ್ಟೋ ಸಲ ತಾವೇ ರೂಪಿಸಿರುತ್ತಾರೆ. ಚಿಪ್ ಕಪ್ಪು ಎಪಾಕ್ಸಿಯ ಅಡಿ ಇದ್ದರೆ ನಂಬರೂ ಸಿಗದು. ಮ್ಯಾಪರ್ ತಪ್ಪಾಗಿ ಊಹಿಸಿದರೆ ಟೈಟಲ್ ಸರಿಯಾಗಿ ಬಂದು, ಮುಂದಿನ ಹಂತದಲ್ಲಿ ಚಿತ್ರವೆಲ್ಲ ಕಲಸಿಹೋಗಬಹುದು. ಕಾರ್ಟ್ರಿಡ್ಜಿನ 60 ಪಿನ್‌ಗಳನ್ನೂ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಒಣಗಿದ ಮೇಲೆ ಮೂರು ಸಲ ಓದಿ, ಚೆಕ್‌ಸಮ್ (ಫೈಲಿನ ದತ್ತಾಂಶದಿಂದ ಲೆಕ್ಕಹಾಕಿದ ಸಂಖ್ಯೆ) ತಾಳೆ ನೋಡಿ. ಬೋರ್ಡಿನ ಎರಡೂ ಬದಿ ಸ್ಕ್ಯಾನ್ ಮಾಡಿ. ಎಮ್ಯುಲೇಟರ್‌ನಲ್ಲಿ (ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶ) ಓಡಲೆಂದು ತಿದ್ದಿದ ಫೈಲ್ ಇಟ್ಟುಕೊಂಡು ಮೂಲ ಅಳಿಸಲೇಬೇಡಿ.

ಇನ್ನು ತಯಾರಕರ ಪತ್ತೆಗೆ ಲೇಬಲ್ ನಂಬಬೇಡಿ. 1994ರ ‘ಸೊಮಾರಿ’ (ಸೋನಿಕ್, ಮಾರಿಯೊ ಎಂಬ ಗೇಮ್ ಪಾತ್ರಗಳ ಹೆಸರು ಕೂಡಿಸಿದ್ದು) ಮಾಡಿದ ತೈವಾನಿನ ಹಮ್ಮರ್ ಟೀಮ್‌ನ ಆಟಗಳು ಬೇರೆ ಬೇರೆ ಹೆಸರಲ್ಲಿ ಮಾರಾಟವಾದವು; ಅವುಗಳ ನಂಟು ಗೊತ್ತಾಗುವುದು ಸೌಂಡ್ ಎಂಜಿನ್‌ನ (ಆಟದ ಸದ್ದು ನುಡಿಸುವ ಭಾಗ) ಕೋಡ್ ಹೋಲಿಸಿದಾಗ.