ಎಸರಿನ ಸದ್ದು

ಬೆಳಗಾವಿಯ ಅಡುಗೆಮನೆಯಲ್ಲಿ ನೀರು ನೂರು ಡಿಗ್ರಿ ಮುಟ್ಟುವುದೇ ಇಲ್ಲ. ಸಾಲಿಯಲ್ಲಿ ಬಾಯಿಪಾಠ ಮಾಡಿಸಿದ ನೂರು ಸಮುದ್ರದಂಡೆಯ ಲೆಕ್ಕ. ಸುಮಾರು 300 ಮೀಟರ್ ಮೇಲೇರಿದರೆ ಕುದಿಬಿಂದು ಒಂದು ಡಿಗ್ರಿ ಇಳಿಯುತ್ತದೆ. ಊರಿನ ಎತ್ತರ 750 ಮೀಟರ್ ಆಸುಪಾಸು, ಹೀಗಾಗಿ 97.5ಕ್ಕೇ ನೀರು ಕೊತಕೊತ. ತುಸು ತಗ್ಗಿನಲ್ಲಿರುವ ವಿಜಯಪುರದವರಿಗೆ ಅರ್ಧ ಡಿಗ್ರಿ ಲಾಭ.

ಜೋಳದ ರೊಟ್ಟಿಗೆ ಇದರಿಂದ ನಷ್ಟವೇನಿಲ್ಲ. ಜೋಳದ ಹಿಟ್ಟಿನಲ್ಲಿ ಗೋಧಿಯ ಗ್ಲುಟೆನ್, ಅಂದರೆ ಕಣಕವನ್ನು ಹಿಡಿದಿಡುವ ಅಂಟು, ಇಲ್ಲ. ತಣ್ಣೀರು ಹಾಕಿ ಎಷ್ಟು ನಾದಿದರೂ ಬಡಿಯುವಾಗ ಅಂಚು ಸೀಳುತ್ತದೆ. ಸುಮಾರು 70 ಡಿಗ್ರಿ ದಾಟಿದರೆ ಹಿಟ್ಟಿನ ಪಿಷ್ಟ ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ಅದೇ ಜಿಗಿ. ಆದರೆ ಹಿಟ್ಟೂ ಪರಾತವೂ ಬಿಸಿ ಎಳೆದುಕೊಳ್ಳುತ್ತವೆ, ಅದಕ್ಕೇ ಉಗುರುಬೆಚ್ಚಗಿನ ನೀರು ಸಾಲದು, ಕುದಿಯುವ ನೀರು, ಅಂದರೆ ಎಸರೇ ಬೇಕು. ಒಂದು ವಾಟಿ ಹಿಟ್ಟಿಗೆ ಮುಕ್ಕಾಲು ವಾಟಿ. ಹಿಟ್ಟು ಹಳತಾದರೆ ತುಸು ಜಾಸ್ತಿ.

ಎಸರು ಬಂತೋ ಇಲ್ಲವೋ ಕಿವಿಗೇ ಗೊತ್ತಾಗುತ್ತದೆ. ಮೊದಲು ತಳಕ್ಕಂಟಿ ಏಳುವ ಸಣ್ಣ ಗುಳ್ಳೆಗಳು ನೀರಿನಲ್ಲಿ ಕರಗಿದ್ದ ಗಾಳಿ. ಅದನ್ನು ನೋಡಿ ಮೋಸ ಹೋಗಬಾರದು. ಆಮೇಲೆ ಸುಂಯ್ ಎನ್ನುವ ಸದ್ದು: ತಳದಲ್ಲಿ ಹುಟ್ಟಿದ ಉಗಿಗುಳ್ಳೆ ಮೇಲಿನ ತಂಪು ನೀರಿಗೆ ಸಿಕ್ಕು ಅಲ್ಲೇ ಕುಸಿಯುತ್ತದೆ. ಸದ್ದು ಏರಿ ಏರಿ, ಒಮ್ಮೆಲೇ ಮೆತ್ತಗಾಗುತ್ತದೆ. ಗುಳ್ಳೆ ಮೇಲ್ಮೈವರೆಗೆ ಬಂದು ಒಡೆಯತೊಡಗಿತು, ಎಸರು ಬಂತು. ಇನ್ನು ಉರಿ ಎಷ್ಟು ಏರಿಸಿದರೂ ಬಿಸಿ ಏರದು. ಒಂದು ಗ್ರಾಂ ನೀರು ಉಗಿಯಾಗಲು ಸುಮಾರು 540 ಕ್ಯಾಲೊರಿ ನುಂಗುತ್ತದೆ. ಗ್ಯಾಸು ಖರ್ಚು, ನೀರು ಕಡಿಮೆ, ಹಿಟ್ಟು ಬಿರುಸು.

“ಚೂರು ಉಪ್ಪು ಹಾಕು, ಲಗೂ ಕುದಿತೈತಿ” ಅನ್ನುವವರಿದ್ದಾರೆ. ಕುದಿಯುವುದಿಲ್ಲ. ಚಿಟಿಕೆ ಉಪ್ಪಿಗೆ ಕುದಿಬಿಂದು ಏರುವುದೇ, ಅದೂ ಲೆಕ್ಕಕ್ಕೆ ಸಿಗದಷ್ಟು. ಉಪ್ಪು ರುಚಿಗಷ್ಟೇ.

ಬೋರಿನ ಗಡಸು ನೀರಾದರೆ ಪಾತ್ರೆಯ ತಳಕ್ಕೆ ಬಿಳಿ ಪರೆ ಕಟ್ಟುತ್ತದೆ. ಕಾಸಿದಾಗ ಕರಗಿದ್ದ ಸುಣ್ಣ ಹೊರಬೀಳುತ್ತದೆ, ಹುಣಸೆಹುಳಿ ಹಾಕಿ ತಿಕ್ಕಿದರೆ ಬಿಡುತ್ತದೆ.

ಉಪ್ಪಿನ ನಿಜವಾದ ಕರಾಮತ್ತು ಮಂಜುಗಡ್ಡೆಯ ಕಡೆಗಿದೆ. ಡಬ್ಬಿ ತಿರುವಿ ಐಸ್‌ಕ್ರೀಂ ಮಾಡುವಾಗ ಬರೀ ಐಸು ಸಾಲದು: ಅದು ಸೊನ್ನೆಯಲ್ಲಿರುತ್ತದೆ, ಸಕ್ಕರೆ ಹಾಲು ಗಟ್ಟಿಯಾಗುವುದು ಸೊನ್ನೆಗಿಂತ ಕೆಳಗೆ. ಮೂರು ಕಿಲೋ ಕುಟ್ಟಿದ ಐಸಿಗೆ ಒಂದು ಕಿಲೋ ಹರಳುಪ್ಪು ಬೆರೆಸಿದರೆ ಮೈನಸ್ 21ರ ಹತ್ತಿರದವರೆಗೂ ಇಳಿಯಬಲ್ಲದು. ಒಳಡಬ್ಬಿಯ ಮುಚ್ಚಳ ಮಾತ್ರ ಬಿಗಿಯಾಗಿರಲಿ, ಉಪ್ಪುನೀರು ಒಳಗೆ ಹೋದರೆ ಹಾಲು ಗಟ್ಟಿಯೂ ಆಗದು, ತಿನ್ನಲೂ ಬಾರದು.