ಚಿಪ್ಪಿಗಿಂತ ಒಳಗಿನ ಪೊರೆ ಮುಖ್ಯ

ಗಟ್ಟಿ ಚಿಪ್ಪು ಬಂದಿದ್ದರಿಂದಲೇ ಪ್ರಾಣಿಗಳು ನೀರು ಬಿಟ್ಟು ನೆಲದ ಮೇಲೆ ಮೊಟ್ಟೆ ಇಡೋಕೆ ಸಾಧ್ಯವಾಯಿತು ಎಂದು ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ದೊಡ್ಡ ಕೆಲಸ ಮಾಡಿದ್ದು ಒಳಗಿನ ತೆಳು ಪೊರೆಗಳು. ಒಂದು ಪೊರೆ ಭ್ರೂಣದ ಸುತ್ತ ನೀರು ಹಿಡಿದಿಡುತ್ತದೆ, ಇನ್ನೊಂದು ಕಶ್ಮಲ ತುಂಬಿಕೊಂಡು ಉಸಿರಾಟಕ್ಕೂ ನೆರವಾಗುತ್ತದೆ, ಅಂದರೆ ಮರಿಗೆ ಮೊಟ್ಟೆಯೊಳಗೇ ಒಂದು ಪುಟ್ಟ ಕೊಳ ಸಿಕ್ಕ ಹಾಗೆ. ಸುಮಾರು 31 ಕೋಟಿ ವರ್ಷಗಳ ಹಿಂದೆಯೇ ಭ್ರೂಣಕ್ಕೆ ಇಂಥ ಪೊರೆಗಳಿರುವ ಗುಂಪಿನ ಪ್ರಾಣಿಗಳಿದ್ದವು. ಹಾವಿನ ಮೊಟ್ಟೆ ಇವತ್ತಿಗೂ ಮೆತ್ತಗೆ, ತೊಗಲಿನ ಹಾಗೆ ಇರುತ್ತದೆ, ಆದರೂ ನೆಲದ ಮೇಲೇ ಮರಿಯಾಗುತ್ತದೆ ಅಲ್ವಾ? ಪ್ರೊಟೊಸೆರಾಟಾಪ್ಸ್ ಎಂಬ ಡೈನೋಸಾರ್ ಮೊಟ್ಟೆಯೂ ಮೆತ್ತಗಿತ್ತು ಎಂದು 2020ರಲ್ಲಿ ಪ್ರಕಟವಾದ ಸಂಶೋಧನೆ ಹೇಳಿದೆ. ಗಟ್ಟಿ ಚಿಪ್ಪು ಆಮೇಲೆ ಬಂದದ್ದು. ಆ ನೀರಿನ ಪೊರೆಯಂತೂ ನಮ್ಮಲ್ಲೂ ಉಳಿದಿದೆ, ಹೆರಿಗೆಗೆ ಮುಂಚೆ ಒಡೆಯುವುದು ಅದೇ.