ಹಾದಿ ಬೇಕು, ಶುಲ್ಕ ಬೇಡ

ಕೆನಡಾದ ಒಂಟಾರಿಯೊದಲ್ಲಿ ಚಳಿಗಾಲ ಬಂದರೆ ಸಾಕು, ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಗಾಡಿ) ಓಡಿಸಲು ಕ್ಲಬ್ಬುಗಳು ಸಿದ್ಧಪಡಿಸುವ ಹಾದಿಗಳ ಪರ್ಮಿಟ್ ದುಬಾರಿಯಾಯಿತು ಎಂಬ ಗೊಣಗಾಟ ಶುರುವಾಗುತ್ತದೆ. ಗೊಣಗಲಿ, ಬೆಲೆ ಕಡಿಮೆಯೇನಲ್ಲ. ಆದರೆ ಹಣ ಕಟ್ಟದೆ ಅದೇ ಹಾದಿಯಲ್ಲಿ ರಾಜಾರೋಷವಾಗಿ ಓಡಾಡುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ.

ಹಿಮ ಬಿದ್ದ ಮಾತ್ರಕ್ಕೆ ಹಾದಿ ಆಗುವುದಿಲ್ಲ. ವಾರಾಂತ್ಯದಲ್ಲಿ ಗಾಡಿಗಳು ಸಾಲುಸಾಲಾಗಿ ವೇಗ ಹೆಚ್ಚಿಸುತ್ತ, ಬ್ರೇಕ್ ಹಾಕುತ್ತ ಹೋದರೆ ಹಿಮವೆಲ್ಲ ದಿಬ್ಬದ ಮೇಲೆ ದಿಬ್ಬವಾಗಿ ಸವಾರನ ಸೊಂಟ ಮುರಿಯುತ್ತದೆ. ಅದನ್ನು ಸರಿಪಡಿಸಲು ರಾತ್ರಿ ಗ್ರೂಮರ್, ಅಂದರೆ ಹಾದಿ ಸಮ ಮಾಡುವ ಯಂತ್ರ, ಬರಬೇಕು. ಅದು ಎಳೆದುಕೊಂಡು ಬರುವ ಭಾರದ ಚೌಕಟ್ಟಿನ ಅಲಗುಗಳು ದಿಬ್ಬಗಳನ್ನು ಕೆತ್ತಿ ಹಿಮವನ್ನು ಮಗುಚುತ್ತವೆ, ಹಿಂಬದಿಯ ತಗಡು ಒತ್ತಿ ಸಮ ಮಾಡುತ್ತದೆ. ಆಮೇಲೆ ಕೆಲವು ಗಂಟೆ ಆ ಹಿಮ ಚಳಿಯಲ್ಲಿ ಗಟ್ಟಿಯಾಗಬೇಕು. ಅಂಥ ಒಂದು ಹೊಸ ಯಂತ್ರಕ್ಕೆ ಲಕ್ಷಾಂತರ ಡಾಲರ್. ಡೀಸೆಲ್, ರಿಪೇರಿ ಬೇರೆ. ಪರ್ಮಿಟ್ಟಿನ ಹಣ ಹೋಗುವುದು ಇದಕ್ಕೇ. ಪೊದೆ ಕಡಿಯುವುದು, ಫಲಕ ನೆಡುವುದು ಇತ್ಯಾದಿಗಳನ್ನು ಕ್ಲಬ್ಬಿನ ಸ್ವಯಂಸೇವಕರು ಬಿಡಿಗಾಸು ಪಡೆಯದೆ ಮಾಡುತ್ತಾರೆ.

ಇನ್ನೂ ಸಿಟ್ಟು ಬರಿಸುವುದು ‘ಹಿಮ ಎಲ್ಲರದು’ ಎಂಬ ವಾದ. ಹಿಮ ಎಲ್ಲರದಿರಬಹುದು, ಕೆಳಗಿನ ನೆಲ ಎಷ್ಟೋ ಕಡೆ ರೈತನದು. ಆತ ಒಪ್ಪಿದ್ದರಿಂದಲೇ ಹಾದಿ ಅವನ ಹೊಲ ದಾಟುತ್ತದೆ. ಯಾರೋ ಹಾದಿ ಬಿಟ್ಟು ನುಗ್ಗಿ, ಹಿಮದಡಿ ಮಲಗಿರುವ ಚಳಿಗಾಲದ ಗೋಧಿಯನ್ನು ಹಾಳು ಮಾಡಿದರೆ ಆತ ಅನುಮತಿ ಹಿಂತೆಗೆದುಕೊಳ್ಳುತ್ತಾನೆ. ಆತನದೇನೂ ತಪ್ಪಿಲ್ಲ. ಆದರೆ ಅಲ್ಲಿ ಹಾದಿ ಮುಚ್ಚಿ, ಹಣ ಕಟ್ಟಿದವರು ಕಿಲೋಮೀಟರುಗಟ್ಟಲೆ ಸುತ್ತಬೇಕಾಗುತ್ತದೆ.

ಗಾಡಿಗೆ 15,000 ಡಾಲರ್ ಸುರಿಯಲು ಹಿಂದುಮುಂದು ನೋಡದವರಿಗೆ ಹಾದಿಯ ಶುಲ್ಕ ಮಾತ್ರ ಭಾರವೇ? ಹಾದಿಗಳಲ್ಲಿ ತಪಾಸಣೆ ಹೆಚ್ಚಲಿ, ಪರ್ಮಿಟ್ ಇಲ್ಲದವರಿಗೆ ಅಲ್ಲೇ ದಂಡ ಬೀಳಲಿ.